ಕಡೇ ಸೂಜಿಯ ಮಾತು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಸುಳ್ಳು ಆಡಬಾರದು ಎಂದು ಮಾತ್ರ ಯಾರೂ ಹೇಳಿದಂತಿಲ್ಲ. ಹೇಳಿದ್ದರೆ, ಹೋದ ತಿಂಗಳು ಹಗರಿಬೊಮ್ಮನಹಳ್ಳಿಯ ಕಲ್ಯಾಣ ಮಂಟಪದ ನುಡಿನಮನ ಸಭೆಯಲ್ಲಿ ವೇದಿಕೆ ಹತ್ತಿದವರೆಲ್ಲ ನಮ್ಮ ಡಾಕ್ಟರಮ್ಮನನ್ನು ಕರುಣಾಮಯಿ, ಶಾಂತಮೂರ್ತಿ, ಮೃದುಭಾಷಿ ಎಂದು ಕರೆಯುವ ಧೈರ್ಯ ಮಾಡುತ್ತಿರಲಿಲ್ಲ. 'ಮೃದುಭಾಷಿ' ಎಂಬ ಮಾತು ಮೈಕಿನಿಂದ ಬಂದಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ನಾವು, ಅಂದರೆ ಸಕ್ಕರೆ ಕಾಯಿಲೆಯ ಮಕ್ಕಳ ಅಪ್ಪ ಅಮ್ಮಂದಿರು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೂಡ್ಲಿಗಿಯಿಂದ ಬಂದಿದ್ದ ಒಬ್ಬ ತಂದೆ ಕೆಮ್ಮಿದಂತೆ ಮಾಡಿ ಎದ್ದು, ಹೊರಗೆ ಹೋಗಿ ನಕ್ಕು ಬಂದ. ಅವನ ಮಗುವಿಗೆ ಔಷಧ ತಪ್ಪಿದ ದಿನ ಡಾಕ್ಟರಮ್ಮ ಎಲ್ಲರೆದುರಿಗೆ "ನಿನಗಿಂತ ನಿನ್ನ ಎಮ್ಮೆಗೆ ಬುದ್ಧಿ ಐತೆ, ಅದು ಕರುವಿಗೆ ಹೊತ್ತಿಗೆ ಸರಿಯಾಗಿ ಹಾಲು ಕೊಡತ್ತೆ" ಎಂದಿದ್ದರು.

ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸು. ಅದರಲ್ಲಿ ಅವರು ನಮ್ಮನ್ನೆಲ್ಲ ಈಗಲೇ ಬೈಯುತ್ತೇನೆ ಎಂಬಂತೆ ನೋಡುತ್ತಿದ್ದರು. ನಗುವ ಫೋಟೋ ಎಲ್ಲಿ ಹುಡುಕಿದರೂ ಸಿಗಲಿಲ್ಲವಂತೆ. ಕೊನೆಗೆ ಆಧಾರ್ ಕಾರ್ಡಿನಲ್ಲಿದ್ದದ್ದನ್ನೇ ದೊಡ್ಡದು ಮಾಡಿಸಿದ್ದರು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಹಡಗಲಿಯಿಂದ ಹಗರಿಬೊಮ್ಮನಹಳ್ಳಿ, ಅಲ್ಲಿಂದ ಕೊಟ್ಟೂರು, ಕೂಡ್ಲಿಗಿ. ಈ ದಾರಿಯಲ್ಲಿ ಯಾವ ಗುಂಡಿ ಎಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿ ಹೇಳುತ್ತೇನೆ. ದಿನವೂ ಜನರನ್ನು ನೋಡಿ ನೋಡಿ, ಯಾರನ್ನೂ ದೇವರು ಮಾಡುವ ಚಟ ನನಗೆ ಹತ್ತಲಿಲ್ಲ. ಆ ದಿನ ಮೈಕಿನಲ್ಲಿ ಯಾರೋ ಬೇರೆ ಹೆಂಗಸಿನ ಬಗ್ಗೆ ಮಾತಾಡಿ ಮುಗಿಸಿದರು. ನನಗೆ ಗೊತ್ತಿದ್ದ ಹೆಂಗಸಿನ ಬಗ್ಗೆ ಯಾರಾದರೂ ನಾಲ್ಕು ಮಾತು ಹೇಳಬೇಕಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ಅವರು ಮಕ್ಕಳ ಡಾಕ್ಟರು. ಕುಳ್ಳಗೆ, ದಪ್ಪಗೆ ಇದ್ದರು. ಕೈಗೆ ಗಂಡಸರ ಗಡಿಯಾರ, ಸೀರೆಯ ಮೇಲೆ ಬಿಳಿ ಕೋಟು. ಕೋಟಿನ ಒಂದು ಜೇಬಿನಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ, ಇನ್ನೊಂದರಲ್ಲಿ ಪೇಪರಿನಲ್ಲಿ ಸುತ್ತಿದ ಮಿರ್ಚಿ. ಆ ಜೇಬಿನ ಎಣ್ಣೆ ಕಲೆ ಯಾವ ಸೋಪಿಗೂ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಅವರ ದವಾಖಾನೆ. ಕೆಳಗಿನ ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು, ಮೇಲಿನ ಬೈಗುಳ ಮೆಟ್ಟಿಲು ಇಳಿದು ಕೆಳಗೆ ಹೋಗುತ್ತಿತ್ತು. ಗೊಬ್ಬರ ಕೊಳ್ಳಲು ಬಂದ ರೈತರು ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡು ಹೋಗುತ್ತಿದ್ದರು.

ಹರಪನಹಳ್ಳಿ ಕಡೆಯ ಬಾಗಳಿ ಅವರ ಊರು. ಮಾತು ದಾವಣಗೆರೆಯ ಕಡೆ ವಾಲುತ್ತಿತ್ತು. ನಮ್ಮ 'ಐತಿ' ಅವರ ಬಾಯಲ್ಲಿ 'ಐತೆ' ಆಗುತ್ತಿತ್ತು. ಅವರಿಗೂ ಸಕ್ಕರೆ ಕಾಯಿಲೆ ಇತ್ತು, ದೊಡ್ಡವರಿಗೆ ಬರುವಂಥದ್ದು. ಅದನ್ನು ಮುಚ್ಚಿಡದೆ ಹೇಳುತ್ತಿದ್ದರು: "ನನಗೆ ಬಂದಿದ್ದು ತಿಂದು ತಿಂದು ಬಂದಿದ್ದು. ಈ ಕೂಸುಗಳಿಗೆ ಬಂದಿದ್ದು ಯಾರೂ ಏನೂ ಮಾಡದೆ ಬಂದಿದ್ದು. ಎರಡಕ್ಕೂ ಒಂದೇ ಹೆಸರಿಟ್ಟನಲ್ಲ, ಅವನನ್ನ ಚಪ್ಪಲಿ ತಗಂಡು ಹೊಡೀಬೇಕು."

ನನಗೆ ಅವರ ಪರಿಚಯವಾದದ್ದು ನನ್ನ ಮಗಳಿಂದ. ಮನೆಯಲ್ಲಿ ಮಾಳವ್ವ, ಶಾಲೆಯಲ್ಲಿ ಮಾಲಾ. ಆರು ವರ್ಷದವಳಿದ್ದಾಗ ಇದ್ದಕ್ಕಿದ್ದಂತೆ ಸೊರಗತೊಡಗಿದಳು. ಕೊಡದ ಹತ್ತಿರವೇ ಕೂತು ನೀರು ಕುಡಿಯುವಳು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಬಂತು. ಬೇಸಿಗೆ ಎಂದೆವು. ದೃಷ್ಟಿ ಎಂದಳು ನನ್ನ ತಾಯಿ. ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರೆ ಘಾಟು ಬರಲಿಲ್ಲವಾದ್ದರಿಂದ ದೃಷ್ಟಿಯೇ ಎಂದು ಖಾತ್ರಿಯಾಯಿತು. ಒಂದು ಬೆಳಿಗ್ಗೆ ಮಗು ವಾಂತಿ ಮಾಡಿ, ಓಡಿ ಬಂದ ನಾಯಿಯಂತೆ ಉಸಿರಾಡತೊಡಗಿತು. ಡ್ಯೂಟಿಗೆ ಹೊರಟಿದ್ದವನು ಅವಳನ್ನೂ ಹೆಂಡತಿಯನ್ನೂ ನನ್ನ ಬಸ್ಸಿಗೇ ಹತ್ತಿಸಿಕೊಂಡೆ. ಡ್ರೈವರಣ್ಣ ಹಗರಿಬೊಮ್ಮನಹಳ್ಳಿಯ ತನಕ ಎಲ್ಲಿಯೂ ಬ್ರೇಕ್ ಒತ್ತಲಿಲ್ಲ. ಇಳಿಯಬೇಕಾದವರು ತಮ್ಮ ಊರು ಹಿಂದೆ ಹೋಗುವುದನ್ನು ಕಿಟಕಿಯಲ್ಲಿ ನೋಡಿದರು. ಮಗುವಿನ ಮುಖ ನೋಡಿ ಯಾರೂ ಮಾತಾಡಲಿಲ್ಲ.

ಡಾಕ್ಟರಮ್ಮ ಮಗುವಿನ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡಿದರು. ಬೆರಳು ಚುಚ್ಚಿದರು. ಯಂತ್ರದ ಕಡೆ ನೋಡಿ, ನಮ್ಮ ಕಡೆ ತಿರುಗಿದರು.

"ಎಷ್ಟು ದಿನದಿಂದ ಹಿಂಗೆ ನೀರು ಕುಡೀತಾಳೆ?"

"ಬ್ಯಾಸಗಿ ಅಲ್ರಿ ಮೇಡಂ, ಅದಕ್ಕ ಅಂತ..." ಎಂದಳು ನನ್ನ ಹೆಂಡತಿ.

"ಬ್ಯಾಸಗಿ ನಿನಗೂ ಐತಲ್ಲ ತಾಯಿ. ನೀನು ಯಾಕೆ ಒಣಗಿಲ್ಲ?"

ಕೇಳಿದ್ದು ಅಷ್ಟೇ. ಗ್ಲೂಕೋಸಲ್ಲ, ಬರೀ ಉಪ್ಪುನೀರಿನ ಬಾಟಲಿ ಏರಿಸಿ, ದಾವಣಗೆರೆಗೆ ಆಂಬುಲೆನ್ಸ್ ಕರೆಸಿ, ತಾವೂ ಹತ್ತಿ ಕೂತರು. ಹೊರಗೆ ಕಾಯುತ್ತಿದ್ದ ರೋಗಿಗಳಿಗೆ "ನೆಗಡಿ ಇದ್ದೋರು ಮನೆಗೆ ಹೋಗ್ರಿ, ತಾನೇ ವಾಸಿ ಆಗತ್ತೆ" ಎಂದರು. ದಾರಿಯುದ್ದಕ್ಕೂ ಡ್ರೈವರನ್ನು ಬೈದರು, ನನ್ನನ್ನು ಬೈದರು, ರಸ್ತೆ ಮಾಡಿದ ಗುತ್ತಿಗೆದಾರನನ್ನು ಅವನ ತಂದೆಯ ಸಮೇತ ಬೈದರು. ಅವರ ಒಂದು ಕೈ ಮಾತ್ರ ಮಾಳವ್ವನ ಮಣಿಕಟ್ಟಿನ ಮೇಲಿತ್ತು. ದಾವಣಗೆರೆಯ ದೊಡ್ಡಾಸ್ಪತ್ರೆಯ ಬಾಗಿಲು ಮುಟ್ಟುವ ತನಕ ಆ ಬೆರಳುಗಳು ಅಲ್ಲಿಂದ ಏಳಲಿಲ್ಲ. ನನ್ನ ಮಗಳು ಉಳಿದದ್ದು ಆ ದಿನ. ಇದನ್ನು ನೇರವಾಗಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅವರ ಮುಂದೆ ಒಮ್ಮೆಯೂ ಹೇಳಲಾಗಲಿಲ್ಲ. ಹೇಳಲು ಹೋದಾಗಲೆಲ್ಲ "ಹಿಂದೆ ಸರೀರಿ ಕಂಡಕ್ಟ್ರೆ, ಗಾಳಿ ಬರ್ಲಿ" ಎನ್ನುತ್ತಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಡಾಕ್ಟರಮ್ಮ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ವಿವರಿಸಿದರು. ಈ ಮಗುವಿನ ಹೊಟ್ಟೆಯೊಳಗೆ ಇನ್ಸುಲಿನ್ ತಯಾರಾಗುವ ಜಾಗ ಕೆಟ್ಟಿದೆ. ಉಂಡದ್ದು ಮೈಗೆ ಹತ್ತಬೇಕಾದರೆ ಅದು ಹೊರಗಿನಿಂದಲೇ ಹೋಗಬೇಕು. ದಿನವೂ, ಊಟಕ್ಕೆ ಮೊದಲು, ಸೂಜಿಯಲ್ಲಿ.

"ಎಷ್ಟ್ ದಿನ ಡಾಕ್ಟ್ರವ್ವಾ?" ಎಂದಳು ನನ್ನ ತಾಯಿ.

"ಇರೋ ತನಕ."

ಯವ್ವ ಮತ್ತೆ ಏನೂ ಕೇಳಲಿಲ್ಲ. ಕೇಳದಿದ್ದಾಗಲೇ ನಾನು ಎಚ್ಚರವಾಗಬೇಕಿತ್ತು. ಅವಳು ಒಪ್ಪಿದಾಗ ವಾದ ಮಾಡುತ್ತಾಳೆ, ಒಪ್ಪದಿದ್ದಾಗ ಸುಮ್ಮನಿರುತ್ತಾಳೆ.

ಮಗುವಿಗೆ ಸೂಜಿ ಹಾಕುವ ಮೊದಲು ಮನೆಯ ದೊಡ್ಡವರು ತಮಗೇ ಉಪ್ಪುನೀರಿನ ಸೂಜಿ ಚುಚ್ಚಿಕೊಂಡು ಕಲಿಯಬೇಕೆಂಬುದು ಡಾಕ್ಟರಮ್ಮನ ನಿಯಮ. ನಾನು ಅಂಗಿ ಎತ್ತಿ, ಹೊಟ್ಟೆ ಹಿಡಿದು, ಸೂಜಿ ಹತ್ತಿರ ತಂದದ್ದು ನೆನಪಿದೆ. ಮುಂದಿನದು ನೆನಪಿಲ್ಲ. ಎಚ್ಚರವಾದಾಗ ಗೊಬ್ಬರದ ಅಂಗಡಿಯ ಹುಡುಗ ನನ್ನ ಮುಖಕ್ಕೆ ನೀರು ಹೊಡೆಯುತ್ತಿದ್ದ, ಡಾಕ್ಟರಮ್ಮ ಮಿರ್ಚಿ ತಿನ್ನುತ್ತಿದ್ದರು. ಹೆಂಡತಿ ಸೂಜಿ ಹಿಂದಕ್ಕೆ ಕೊಟ್ಟಳು. ಯವ್ವ ಮಾತ್ರ ಸೂಜಿ ಇಸಿದುಕೊಂಡು ಉಗುರಿನಿಂದ ಗಾಳಿಗುಳ್ಳೆ ತಟ್ಟಿ ತೆಗೆದು, ತೊಡೆಯ ಚರ್ಮ ಚಿವುಟಿ ಹಿಡಿದು, ಚುಚ್ಚಿ ತೆಗೆದಳು.

"ಎಲ್ಲಿ ಕಲ್ತೆ ಬೇ?" ಎಂದರು ಡಾಕ್ಟರಮ್ಮ.

"ಹಟ್ಟ್ಯಾಗ ಕುರಿ ಅದಾವಲ್ಲ. ಸೂಜಿ ಹಾಕಾಕ ವರ್ಷಾ ದವಾಖಾನಿಯವ್ರು ಎಲ್ಲಿ ಬರ್ತಾರ."

"ಹಂಗಾದ್ರೆ ಈ ಮನೇಲಿ ಮನುಷ್ಯ ಅಂದ್ರೆ ನೀನೊಬ್ಬಳೇ" ಎಂದರು. ಆ ದಿನದಿಂದ ಮಾಳವ್ವನ ಸೂಜಿ ಅವಳ ಅಜ್ಜಿಯ ಕೈಗೆ ಹೋಯಿತು. ನಮ್ಮೂರು ಇಟ್ಟಿಗಿಯ ಮನೆಯಲ್ಲಿ ಕರೆಂಟು ಇದ್ದಾಗ ಮಾತ್ರ ಫ್ರಿಜ್ ಫ್ರಿಜ್ಜಾಗಿರುತ್ತಿತ್ತು. ಹಾಗಾಗಿ ಇನ್ಸುಲಿನ್ ಬಾಟಲಿಯನ್ನು ಯವ್ವ ಒದ್ದೆ ಮರಳು ತುಂಬಿದ ಗಡಿಗೆಯೊಳಗೆ ಇನ್ನೊಂದು ಚಿಕ್ಕ ಗಡಿಗೆಯಿಟ್ಟು, ಅದರಲ್ಲಿ ತಣ್ಣಗೆ ಕಾಪಾಡುತ್ತಿದ್ದಳು. ಗಡಿಗೆಗೆ ಅವಳು ಆರಿಸಿದ ಜಾಗ ದೇವರ ಜಗಲಿಯ ಪಕ್ಕ. ಮನೆಯಲ್ಲಿ ಅದಕ್ಕಿಂತ ತಣ್ಣನೆಯ ಮೂಲೆ ಇರಲಿಲ್ಲ ಎಂಬುದು ಅವಳು ಕೊಟ್ಟ ಕಾರಣ.

ತಿಂಗಳಿಗೊಂದು ಭಾನುವಾರ ಡಾಕ್ಟರಮ್ಮನ ಮಹಡಿಯ ಮೇಲೆ ಪಂಕ್ತಿ ಇರುತ್ತಿತ್ತು. ಅದು ಅವರ ಪಾಠ ಹೇಳುವ ರೀತಿ. ಐದು ತಾಲ್ಲೂಕಿನಿಂದ ಇಂಥ ಮಕ್ಕಳ ಮನೆಯವರು ತಾವು ದಿನವೂ ಉಣ್ಣುವುದನ್ನೇ ಕಟ್ಟಿಕೊಂಡು ಬರಬೇಕು. "ನನಗೆ ತೋರ್ಸಕ್ಕೆ ಅಂತ ಸೌತೆಕಾಯಿ ಹೆಚ್ಕಂಡು ಬಂದೋರನ್ನ ಮೆಟ್ಲಿಂದ ಉರುಳಿಸ್ತೀನಿ" ಎಂದು ಹೇಳಿಟ್ಟಿದ್ದರು. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತು ಬುತ್ತಿ ಬಿಚ್ಚುವುದು. ಡಾಕ್ಟರಮ್ಮ ಒಬ್ಬೊಬ್ಬರ ಮುಂದೆ ನಿಂತು, ಈ ರೊಟ್ಟಿ ಇಷ್ಟು ದಪ್ಪ, ಇದಕ್ಕೆ ಇಷ್ಟು ಸೂಜಿ; ಈ ಅನ್ನ ಒಂದು ಮುಷ್ಟಿ, ಇದಕ್ಕೆ ಇಷ್ಟು ಎಂದು ತೋರಿಸುತ್ತ, ಪ್ರತಿ ತಟ್ಟೆಯಿಂದ ಒಂದೊಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತ ಹೋಗುತ್ತಿದ್ದರು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅವರ ಊಟವೂ ಮುಗಿದಿರುತ್ತಿತ್ತು.

ಮಕ್ಕಳ ಬೆರಳು ಚುಚ್ಚುವ ಮೊದಲು ತಂದೆ ತಾಯಿ ತಮ್ಮ ಬೆರಳು ಕೊಡಬೇಕು. ಬಂದ ಅಂಕಿಯನ್ನು ಅವರು ಹರಾಜು ಕೂಗುವವರಂತೆ ಕೂಗಿ ಹೇಳುತ್ತಿದ್ದರು. ಹೊಸಹಳ್ಳಿಯ ಒಬ್ಬ ತಂದೆಗೆ ಮಗನಿಗಿಂತ ಹೆಚ್ಚು ಬಂತು. "ನೀನು ಮಗನ್ನ ಕರ್ಕಂಡು ಬಂದಿದ್ದೀಯೋ, ಮಗ ನಿನ್ನ ಕರ್ಕಂಡು ಬಂದಾನೋ?" ಎಂದರು. ಆ ಹುಡುಗ ಅಷ್ಟು ನಕ್ಕದ್ದನ್ನು ಅವನ ತಾಯಿ ಕಾಯಿಲೆ ಬಂದ ಮೇಲೆ ಅದೇ ಮೊದಲು ನೋಡಿದ್ದಂತೆ.

ಸೂಜಿಯನ್ನು ಬಾಗಿಲ ಹಿಂದೆ, ಬಚ್ಚಲಲ್ಲಿ ಕದ್ದು ಹಾಕಿಸಿಕೊಳ್ಳುವುದನ್ನು ಅವರು ಸಹಿಸುತ್ತಿರಲಿಲ್ಲ. ಹೆಣ್ಣುಮಕ್ಕಳ ತಾಯಂದಿರು "ನಾಳೆ ಕೊಡಾಕ ತರಾಕ ತೊಂದ್ರಿ ಆಗ್ತೈತಿ ಮೇಡಂ" ಎಂದರೆ, "ಇವತ್ತು ಬದುಕಿದ್ರೆ ತಾನೆ ನಾಳೆ ಕೊಡಾದು?" ಎನ್ನುವರು. ಎಲ್ಲ ಮಕ್ಕಳನ್ನೂ ಒಮ್ಮೆ ನನ್ನ ಬಸ್ಸಿನಲ್ಲೇ ಕೊಟ್ಟೂರಿಗೆ ಕರೆದೊಯ್ದು, ಮಂಡಕ್ಕಿ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಇಡೀ ಬೀದಿ ನೋಡುವಂತೆ ಸೂಜಿ ಹಾಕಿಸಿ ತಿನ್ನಿಸಿದರು. ಅಂಗಡಿಯವನು ಗಾಬರಿಯಿಂದ "ಇದೇನ್ರಿ ಮೇಡಂ, ಲಸಿಕಿ ಹಾಕಾಕ ಹತ್ತೀರೇನು?" ಎಂದ. "ನಿನ್ನ ಎಣ್ಣೆ ನೋಡಿ ಮುಂಜಾಗ್ರತೆ ಕಣಪ್ಪ" ಎಂದರು.

ಬಸ್ಸಿನಲ್ಲಿ ಮಕ್ಕಳಿಗೆ ಸಕ್ಕರೆ ಇಳಿದು ಬೆವತು ನಡುಗಿದರೆ ಕೂಡಲೇ ಸಿಹಿ ಬೇಕೆಂದು ನನ್ನ ಟಿಕೆಟ್ ಚೀಲದಲ್ಲಿ ಪೆಪ್ಪರ್‌ಮೆಂಟಿನ ಬದಲು ಗ್ಲೂಕೋಸ್ ಪುಡಿಯ ಪೊಟ್ಟಣ ಇಡಿಸಿದವರೂ ಅವರೇ. "ಚಿಲ್ರೆ ಇಲ್ಲ ಅಂತ ಸುಳ್ಳು ಹೇಳಕ್ಕೆ ಜಾಗ ಐತೆ, ಇದಕ್ಕೆ ಇಲ್ವಾ?" ಎಂದಿದ್ದರು.

ಇಷ್ಟಾದ ಮೇಲೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಮಾಳವ್ವನ ಸಕ್ಕರೆ ತಾನಾಗಿಯೇ ಇಳಿಯತೊಡಗಿತು. ಸೂಜಿಯ ಪ್ರಮಾಣ ಕಡಿಮೆಯಾಗುತ್ತ ಆಗುತ್ತ, ಕೊನೆಗೆ ಬಾಟಲಿಯಿಂದ ಎಳೆದದ್ದು ಕಣ್ಣಿಗೆ ಕಾಣದಷ್ಟಾಯಿತು. ಮಗು ಮೈ ತುಂಬಿಕೊಂಡು ಓಡಾಡಿತು. ನಾವು ಹಿಗ್ಗಿ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಹಿಗ್ಗಲಿಲ್ಲ.

"ಇದಕ್ಕೆ ನಮ್ಮ ಪುಸ್ತಕದಲ್ಲಿ ಹನಿಮೂನು ಅಂತಾರೆ. ನಿಮ್ಮದು ಎಷ್ಟು ದಿನ ಇತ್ತು ಕಂಡಕ್ಟ್ರೆ?"

ನಾನು ಯವ್ವನ ಮುಖ ನೋಡಿದೆ. ಹೆಂಡತಿ ನೆಲ ನೋಡುತ್ತ, "ಮೂರ್ ದಿನ ರಜಾ ಕೊಟ್ಟಿದ್ರು" ಎಂದಳು.

"ಇದು ಅದಕ್ಕಿಂತ ಸ್ವಲ್ಪ ಜಾಸ್ತಿ ಇರತ್ತೆ. ಆದ್ರೆ ಮುಗಿಯತ್ತೆ. ಸಾಯೋ ದೀಪ ಒಂದ್ಸಲ ಜೋರಾಗಿ ಉರಿಯತ್ತಲ್ಲ, ಹಂಗೆ. ಇದನ್ನ ನಂಬ್ಕಂಡು ಸೂಜಿ ಬಿಟ್ರೆ ಮಗೂನ ಮತ್ತೆ ಅದೇ ಆಂಬುಲೆನ್ಸಲ್ಲಿ ಒಯ್ಯಬೇಕಾಗತ್ತೆ. ಈ ಸಲ ಮುಟ್ತೀವೋ ಇಲ್ವೋ ನಾನು ಹೇಳಲ್ಲ."

ಯವ್ವ ಸುಮ್ಮನಿದ್ದಳು.

ಅವಳ ಮೌನದ ಅರ್ಥ ತಿಳಿದದ್ದು ಊರಿಗೆ ಬಂದ ಮೇಲೆ. ಮಗು ದಾವಣಗೆರೆಯಲ್ಲಿ ಮಲಗಿದ್ದಾಗಲೇ ಅವಳು ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದಳು: ಮೊಮ್ಮಗಳಿಗೆ ಗುಣವಾದರೆ ಗೊರವರನ್ನು ಕರೆಸಿ ದೋಣಿ ತುಂಬಿಸುತ್ತೇನೆ ಎಂದು. ದೋಣಿ ಎಂದರೆ ಆ ದೇವರ ಹೆಸರಿನಲ್ಲಿ ದೀಕ್ಷೆ ಪಡೆದ ಗೊರವಯ್ಯನವರ ಮರದ ಬಟ್ಟಲು. ಅದರಲ್ಲಿ ಬಾಳೆಹಣ್ಣು, ಹಾಲು, ತುಪ್ಪ, ಸಕ್ಕರೆ ಹಾಕಿ ತುಂಬುವುದು, ಗೊರವರು ದೇವರ ಹೆಸರು ಹೇಳಿ ಉಣ್ಣುವುದು, ಮನೆಯವರು ಪ್ರಸಾದ ತೆಗೆದುಕೊಳ್ಳುವುದು. ಸಕ್ಕರೆ ಕಾಯಿಲೆ ಹೋಗಲೆಂದು ದೇವರಿಗೆ ಬಟ್ಟಲುಗಟ್ಟಲೆ ಸಕ್ಕರೆ ಹರಕೆ ಹೊತ್ತ ಮನೆ ಈ ಐದು ತಾಲ್ಲೂಕಿನಲ್ಲಿ ನಮ್ಮದೊಂದೇ ಇದ್ದೀತು. ಅದಾದರೂ ಇರಲಿ ಎನ್ನಬಹುದಿತ್ತು. ಅವಳ ಹರಕೆಗೆ ಇನ್ನೊಂದು ತುದಿ ಇತ್ತು. ದೋಣಿ ತುಂಬಿದ ದಿನ ಮಾಳವ್ವನಿಗೆ ಕಡೇ ಸೂಜಿ. ಆಮೇಲೆ ಬಾಟಲಿ, ಸೂಜಿ ಎಲ್ಲ ದೇವರ ಪಾದಕ್ಕೆ.

"ಯವ್ವಾ, ಡಾಕ್ಟ್ರು ಏನಂದ್ರು ಕೇಳ್ಸಿಕೊಂಡಿಲ್ಲೇನು?" ಎಂದೆ.

"ಕೇಳ್ಸಿಕೊಂಡೆ. ಆಕಿ ಪುಸ್ತಕದಾಗ ಮೈಲಾರಲಿಂಗ ಅದಾನೇನು? ದಿನಾ ಕಡಿಮಿ ಆಗಾಕ ಹತ್ತೈತಿ, ಸೂಜಿ ಹಾಕಾಕಿ ನಾನು, ನನ್ನ ಕಣ್ಣೀಲೆ ನೋಡಾಕ ಹತ್ತೀನಿ. ದೇವರು ಕೊಟ್ಟಿದ್ದನ್ನ ನಂಬದಿದ್ರ ಆತ ಸಿಟ್ಟಾಗ್ತಾನ."

ಜಗಳವಾಡಿದೆ, ಬೇಡಿಕೊಂಡೆ. ಸೂಜಿ ನಾವೇ ಹಾಕುತ್ತೇವೆ ಎಂದು ಹೆಂಡತಿ ಅಂದದ್ದಕ್ಕೆ ಯವ್ವ ಗಡಿಗೆಯನ್ನೇ ಹಟ್ಟಿಗೆ ಒಯ್ದಿಟ್ಟುಕೊಂಡಳು. ಊರಿನ ಹಿರಿಯರು, ಹರಕೆ ತಪ್ಪಿಸಿದರೆ ಮಗುವಿಗೇ ಏನಾದರೂ ಆದೀತು ಎಂದರು. ಹೆಂಡತಿಗೆ ಎರಡೂ ಕಡೆಯ ಭಯ, ಊಟ ಬಿಟ್ಟಳು. ಕೊನೆಗೆ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ದೇವರನ್ನೂ ಯವ್ವನನ್ನೂ ಸೇರಿಸಿ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ದೇವರನ್ನು ನಂಬುವವರಲ್ಲ. ಬಾಗಳಿಯಂಥ ಊರಲ್ಲಿ, ಅಷ್ಟು ಹಳೆಯ ಕಲ್ಲೇಶ್ವರನ ಗುಡಿಯ ನೆರಳಲ್ಲಿ ಬೆಳೆದೂ, ಗುಡಿಯೊಳಗೆ ಹೋದದ್ದು ತಂಪಿಗೆ ಮಾತ್ರ ಎಂದು ಹೇಳಿಕೊಳ್ಳುತ್ತಿದ್ದವರು. ಜೇಬಿನಿಂದ ಮಿರ್ಚಿ ತೆಗೆದರು, ತಿನ್ನದೆ ಮತ್ತೆ ಒಳಗಿಟ್ಟರು.

"ಯಾವತ್ತು ದೋಣಿ?"

"ಬರೋ ಭಾನುವಾರ."

"ನಾನೂ ಬರ್ತೀನಿ. ಊಟಕ್ಕೆ ಹೇಳಿಲ್ಲ ಅಂತ ನಾನು ಬೇಜಾರಾಗಿದ್ದೀನಿ ಅಂತ ನಿಮ್ಮ ತಾಯಿಗೆ ಹೇಳ್ರಿ."

ಬಂದರು. ಅಂಗಳದಲ್ಲಿ ಕಂಬಳಿ ಹಾಸಿತ್ತು. ಕರಿ ಕಂಬಳಿಯ ಅಂಗಿ ತೊಟ್ಟ ಗೊರವರು ಡಮರುಗ ಬಾರಿಸುತ್ತ ಏಳುಕೋಟಿ ಎಂದು ದೇವರ ಜಯಕಾರ ಕೂಗುತ್ತಿದ್ದರು. ನೆರೆಹೊರೆಯವರೆಲ್ಲ ಸುತ್ತ ನಿಂತಿದ್ದರು. ಕಂಬಳಿಯ ಮೇಲೆ ದೋಣಿ, ದೋಣಿಯ ಪಕ್ಕ ಭಂಡಾರದ, ಅಂದರೆ ದೇವರ ಅರಿಶಿನ ಪುಡಿಯ, ಬಟ್ಟಲು, ಅದರ ಪಕ್ಕ ಅರಿಶಿನ ಬಳಿದ ಇನ್ಸುಲಿನ್ ಬಾಟಲಿ.

ಡಾಕ್ಟರಮ್ಮ ಚಪ್ಪಲಿ ಬಿಟ್ಟು, ಕಷ್ಟಪಟ್ಟು ಕಾಲು ಮಡಚಿ ಕಂಬಳಿಯ ಅಂಚಿನಲ್ಲಿ ಕೂತರು. ಮೊದಲು ಹಿರಿಯ ಗೊರವಪ್ಪನನ್ನು ಮಾತಿಗೆಳೆದರು.

"ಗೊರವಪ್ಪ, ದೋಣಿ ಒಂದ್ಸಲ ತುಂಬಿದ್ರೆ ಮುಗೀತಾ?"

"ಅದೆಂಗ ಮುಗೀತೈತಿ ತಾಯಿ. ತಿಂದಿದ್ದು ಖಾಲಿ ಆಗ್ತೈತಿ. ಮತ್ತ ತುಂಬಬೇಕು."

"ಕೇಳಿದ್ಯಾ ಅವ್ವ? ಈ ಕೂಸಿನ ಹೊಟ್ಟೇನೂ ಹಂಗೇ. ಇವತ್ತು ತುಂಬಿದ್ದು ನಾಳೆಗೆ ಖಾಲಿ" ಎಂದು ಯವ್ವನ ಕಡೆ ತಿರುಗಿದರು. ಎಂಥ ಮಾತು ಹುಡುಕಿಕೊಂಡು ಬಂದಿದ್ದಾರೆ ಎಂದು ನಾನು ಒಳಗೇ ಮೆಚ್ಚಿದೆ. ಗೊರವಪ್ಪನೂ ತಲೆದೂಗಿದ.

ಯವ್ವ ತಲೆದೂಗಲಿಲ್ಲ. "ಆ ಮಾತು ಬ್ಯಾರೆ, ಈ ಮಾತು ಬ್ಯಾರೆ" ಎಂದು ಬಾಳೆಹಣ್ಣು ಸುಲಿಯತೊಡಗಿದಳು.

ಡಾಕ್ಟರಮ್ಮ ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೋಟಿನ ಜೇಬು ಸವರಿಕೊಂಡರು, ಗಡಿಯಾರ ನೋಡಿದರು, ಮಾಳವ್ವನ ಕಡೆ ನೋಡಿದರು. ಹೊಸ ಲಂಗ ತೊಟ್ಟ ಮಾಳವ್ವ ದೋಣಿಯ ತುಪ್ಪದಲ್ಲಿ ಬೆರಳು ಅದ್ದಲು ಹವಣಿಸುತ್ತಿದ್ದಳು. ಆಮೇಲೆ ಡಾಕ್ಟರಮ್ಮ ಇದ್ದಕ್ಕಿದ್ದಂತೆ ಕೈ ಚಾಚಿ ಬಟ್ಟಲಿನಿಂದ ಒಂದು ಹಿಡಿ ಭಂಡಾರ ತೆಗೆದುಕೊಂಡರು. ಡಮರುಗ ನಿಂತಿತು. ಭಂಡಾರ ಹಿಡಿದು ಆಡಿದ ಮಾತಿಗೆ ನಮ್ಮ ಕಡೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ಹೊಲದ ಬದುವಿನ ಜಗಳವೂ ಅಲ್ಲಿಗೆ ಮುಗಿಯುತ್ತದೆ.

"ನೋಡವ್ವ. ಕಡೇ ಸೂಜಿ ಐತೆ. ಇಲ್ಲ ಅನ್ನಲ್ಲ. ಆದ್ರೆ ಇವತ್ತಲ್ಲ. ಅದು ಯಾವತ್ತು ಅಂತ ನಾನೇ ಹೇಳ್ತೀನಿ, ನಿನ್ನ ಮೈಲಾರಪ್ಪನ ಆಣೆಗೂ. ನಾನು ಹೇಳೋ ತನಕ ಒಂದು ಹೊತ್ತೂ ತಪ್ಪಿಸಬಾರ್ದು. ಇದಕ್ಕೆ ಒಪ್ತೀಯಾ?"

ಯವ್ವ ಸುಲಿಯುತ್ತಿದ್ದ ಬಾಳೆಹಣ್ಣು ಕೆಳಗಿಟ್ಟಳು.

"ನೀನೇ ಹೇಳ್ತೀ?"

"ನಾನೇ ಹೇಳ್ತೀನಿ" ಎಂದು ಡಾಕ್ಟರಮ್ಮ ಕೈಯಲ್ಲಿದ್ದ ಭಂಡಾರವನ್ನು ಬಟ್ಟಲಿಗೆ ಸುರಿದು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು.

"ಆತು" ಎಂದಳು ಯವ್ವ. ಡಾಕ್ಟರಮ್ಮ ಎಂದಿನ ದನಿಯಲ್ಲಿ "ಬಾಳೆಹಣ್ಣು ಎಷ್ಟು ತಿಂತಾಳೆ ಇವಳು? ಅದನ್ನ ಮೊದ್ಲು ಹೇಳು, ಸೂಜಿ ತುಂಬಾನ" ಎಂದರು. ಆ ದಿನ ದೋಣಿಯ ಪ್ರಸಾದಕ್ಕೂ ಲೆಕ್ಕ ಹಾಕಿ ಮಾಳವ್ವನಿಗೆ ಸೂಜಿ ಹಾಕಿದವಳು ಯವ್ವನೇ. ಹೊರಡುವ ಮುಂಚೆ ಡಾಕ್ಟರಮ್ಮ ಗೊರವಪ್ಪನ ಬೆರಳನ್ನೂ ಚುಚ್ಚಿ ನೋಡಿ, "ದೋಣಿ ಸ್ವಲ್ಪ ಕಡಿಮೆ ಮಾಡ್ರಿ ಯಜಮಾನ್ರೆ" ಎಂದು ಬುದ್ಧಿ ಹೇಳಿದರು.

ಹನಿಮೂನು ಮುಗಿಯಿತು, ಅವರು ಹೇಳಿದ ಹಾಗೆಯೇ. ಸೂಜಿಯ ಪ್ರಮಾಣ ಮತ್ತೆ ಏರಿತು. ಯವ್ವ ಅದರ ಬಗ್ಗೆ ಒಂದು ಮಾತೂ ಆಡದೆ ದಿನವೂ ಹಾಕುತ್ತಾ ಹೋದಳು. ಆದರೆ ಪ್ರತಿ ಪಂಕ್ತಿಗೂ ತಪ್ಪದೆ ಬಂದು, ಬುತ್ತಿ ಬಿಚ್ಚುವ ಮೊದಲು ಕೇಳುತ್ತಿದ್ದಳು: "ಡಾಕ್ಟ್ರವ್ವಾ, ಹೇಳ್ತೀಯೇನು?"

"ಇನ್ನೂ ಇಲ್ಲ ಬೇ. ರೊಟ್ಟಿ ತೆಗಿ."

ವರ್ಷಗಟ್ಟಲೆ ಇದೇ. ಯಾರಿಗೂ ತಲೆ ತಗ್ಗಿಸದ ಡಾಕ್ಟರಮ್ಮ ಈ ಒಂದು ಪ್ರಶ್ನೆಗೆ ಮಾತ್ರ ಯವ್ವನ ಕಣ್ಣು ತಪ್ಪಿಸಿ ಉತ್ತರ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ನನ್ನ ಬಸ್ಸಿಗೆ ಬಂದು ಒಂದು ಗೊನೆ ಬಾಳೆಹಣ್ಣು ಹೇರಿಸಿ, "ಆ ನಿಮ್ಮ ಮೈಲಾರಪ್ಪಗೆ ಕೊಡ್ರಿ. ಯಾರು ಕೊಟ್ರು ಅಂತ ಹೇಳ್ಬೇಡ್ರಿ" ಎನ್ನುವರು. ದೇವರಿಗೆ ಹೇಳಬಾರದೋ ಯವ್ವನಿಗೆ ಹೇಳಬಾರದೋ ಎಂದು ಕೇಳಿದ್ದಕ್ಕೆ, ಲಗೇಜಿನ ಟಿಕೆಟ್ ಹರಿಯಲು ಹೇಳಿದರು.

ಮಾಳವ್ವ ದೊಡ್ಡವಳಾದಳು. ಈಗ ಹೈಸ್ಕೂಲು. ಸಿರಿಂಜ್ ಹೋಗಿ ಪೆನ್ನು ಬಂತು, ತಾನೇ ಹಾಕಿಕೊಳ್ಳುತ್ತಾಳೆ. ವಯಸ್ಸಿಗೆ ತಕ್ಕ ಹಟವೂ ಬಂದಿದೆ. ಹೋದ ವರ್ಷ ಒಂದೆರಡು ಸಲ ಸಿಟ್ಟಿಗೆದ್ದು ಸೂಜಿ ಬಿಟ್ಟಳು. ಆಗೆಲ್ಲ ಫೋನಿನಲ್ಲಿ ಆ ಕಡೆಯಿಂದ ಬರುತ್ತಿದ್ದ ಬೈಗುಳಕ್ಕೆ ಇಡೀ ಮನೆ ನೆಟ್ಟಗಾಗುತ್ತಿತ್ತು. ಹೀಗಿರುವಾಗ ಡಾಕ್ಟರಮ್ಮ ಹೋಗಿಬಿಟ್ಟರು. ಮಧ್ಯಾಹ್ನ ರೋಗಿಗಳನ್ನು ನೋಡುತ್ತ ಕುರ್ಚಿಯಲ್ಲೇ ವಾಲಿದರಂತೆ. ಹಾರ್ಟ್ ಅಟ್ಯಾಕು. ಸುದ್ದಿ ಬಂದಾಗ ನಾನು ಟಿಕೆಟ್ ಹರಿಯುತ್ತಿದ್ದೆ. ಕೊಟ್ಟೂರು ಬರುವ ತನಕ ಯಾರಿಗೆ ಯಾವ ಊರಿನ ಟಿಕೆಟ್ ಕೊಟ್ಟೆನೋ ಗೊತ್ತಿಲ್ಲ.

ಮಾಳವ್ವ ಅಳಲಿಲ್ಲ. "ಕಡೇ ಸೂಜಿ ಹೇಳ್ತೀನಿ ಅಂದಿದ್ರು. ಸುಳ್ಳು ಹೇಳಿ ಹೋದ್ರು" ಎಂದಳು. ಆ ಸಂಜೆ ಸೂಜಿ ಹಾಕಿಕೊಳ್ಳಲಿಲ್ಲ. ಮರುದಿನ ಅವಳ ಅಮ್ಮ ಕಾಲು ಹಿಡಿದ ಮೇಲೆ ಹಾಕಿಕೊಂಡಳು, ಮತ್ತೆ ಬಿಟ್ಟಳು. ಸಭೆಗೆ ಕರೆತರುವಾಗ ನನಗಿದ್ದದ್ದು ಅದೊಂದೇ ಭಯ. ಇನ್ನು ಇವಳನ್ನು ಬೈಯುವವರು ಯಾರು?

ಭಾಷಣ ಮುಗಿಯಿತು. ಮಂಟಪದ ಕೆಳಗೆ ಉಪ್ಪಿಟ್ಟು, ಕೇಸರಿಬಾತು. ಎಲ್ಲ ಮಕ್ಕಳೂ ಯಾರೂ ಹೇಳದೆ ಸಾಲಾಗಿ ನೆಲದ ಮೇಲೆ ಕೂತು, ಬೆರಳು ಚುಚ್ಚಿಕೊಂಡು, ಪೆನ್ನು ತೆಗೆದರು. ಬಡಿಸುವವರು ಕೇಸರಿಬಾತಿನ ಬಕೆಟ್ ಹಿಡಿದು ನಿಂತೇ ಬಿಟ್ಟರು. ಮಾಳವ್ವ ಮಾತ್ರ ಕೈಕಟ್ಟಿ ಕೂತಿದ್ದಳು, ಎಲೆಯ ಮುಂದೆ, ಸೂಜಿ ಇಲ್ಲದೆ.

ಯವ್ವ ಅವಳ ಪಕ್ಕ ಬಂದು ಕೂತಳು. ಮುಪ್ಪಿನಿಂದ ಈಗ ಅವಳಿಗೆ ಕೂರುವುದೂ ಒಂದು ಕೆಲಸ.

"ಆಕಿ ಸುಳ್ಳು ಹೇಳ್ಯಾಳಂತ ನನಗ ಅವತ್ತೇ ಗೊತ್ತಿತ್ತು" ಎಂದಳು.

ಮಾಳವ್ವ ತಿರುಗಿ ನೋಡಿದಳು. ನಾನೂ ನೋಡಿದೆ.

"ಭಂಡಾರ ಹಿಡಿದ ಕೈ ಸೆರಗಿಗೆ ವರೆಸಿಕೊಂಡ್ಲು. ನಂಬಿದಾಕಿ ಆಗಿದ್ರ ಹಣಿಗೆ ಹಚ್ಕಂತಿದ್ಲು."

"ಗೊತ್ತಿದ್ದೂ ಯಾಕ ಒಪ್ಪಿದಿ ಯವ್ವಾ?" ಎಂದೆ ನಾನು.

"ದೇವರನ್ನ ನಂಬದಾಕಿ, ದೇವರ ಮುಂದ ಕುಂತು ಸುಳ್ಳು ಹೇಳಾಕ ಅಷ್ಟು ದೂರ ಬಂದಾಳ. ಅದೂ ನನ್ನ ಕೂಸಿನ ಸಲುವಾಗಿ. ಇನ್ನೇನು ಬೇಕಾಗಿತ್ತೋ ನನಗ?"

"ಮತ್ತ ತಿಂಗಳಾ ಯಾಕ ಕೇಳ್ತಿದ್ದಿ?" ಎಂದಳು ಮಾಳವ್ವ.

"ಹೇಳಿದಾಕಿ ಮರತ್ರ ಹೆಂಗ?"

ಯವ್ವ ಸೊಂಟದ ಚೀಲ ಬಿಚ್ಚಿ ಒಂದು ಚಿಟಿಕೆ ಭಂಡಾರ ತೆಗೆದಳು. "ಇನ್ನ ಆ ಮಾತು ನಂದು. ಕಡೇ ಸೂಜಿ ಯಾವತ್ತು ಅಂತ ನಾನು ಹೇಳ್ತೀನಿ. ಅಲ್ಲೀತನಕ ಒಂದು ಹೊತ್ತೂ ತಪ್ಪಿಸಬಾರದು." ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳಲಿಲ್ಲ. ನಮ್ಮಿಬ್ಬರಿಗೂ ಕಾಣುವಂತೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮಾಳವ್ವ ಆ ಅರಿಶಿನದ ಗುರುತನ್ನು ನೋಡುತ್ತ ಕೂತಳು. ಆಮೇಲೆ ಚೀಲದಿಂದ ಪೆನ್ನು ತೆಗೆದಳು.

"ನೀನು ಹ್ವಾದ ಮ್ಯಾಲ ಯಾರು ಹೇಳ್ತಾರ?"

"ನಿಮ್ಮಪ್ಪ ಅದಾನಲ್ಲ" ಎಂದು ಯವ್ವ ಚೀಲದ ಬಾಯಿಯನ್ನು ನನ್ನ ಕಡೆ ತಿರುಗಿಸಿದಳು.

ಜೀವನವಿಡೀ ಚಿಲ್ಲರೆ ಇಲ್ಲ ಎಂದು ಸುಳ್ಳು ಹೇಳಿಕೊಂಡು ಬಂದವನು ನಾನು. ಕೈ ಚಾಚಿದೆ. ಅಷ್ಟರಲ್ಲಿ ಮಾಳವ್ವ ಸೂಜಿ ಹಾಕಿಕೊಂಡು, ಬಕೆಟ್ ಹಿಡಿದು ನಿಂತವನಿಗೆ "ಕೇಸರಿಬಾತು ಹಾಕ್ರಿ, ಲೆಕ್ಕ ಹಾಕೀನಿ" ಎನ್ನುತ್ತಿದ್ದಳು.